ಚಾಳೀಸಿಗೂ ಮುಂಚೆ

ಹಿಂದಿನ ತಲೆಮಾರಿನ ಅನೇಕರು ಓದುವ ಕನ್ನಡಕಕ್ಕೆ ‘ಚಾಳೀಸು’ ಎನ್ನುತ್ತಿದ್ದರು. ಮರಾಠಿ, ಹಿಂದಿಯ ಕಡೆಯಿಂದ ಬಂದ ಈ ಮಾತಿನ ಅರ್ಥ ನಲವತ್ತು. ಆ ವಯಸ್ಸಿಗೆ ಅಕ್ಷರ ಮಂಜಾಗುತ್ತದೆ, ಕನ್ನಡಕ ಬರುತ್ತದೆ. ಹಾಗಾಗಿ ವಯಸ್ಸಿನ ಲೆಕ್ಕವೇ ಕನ್ನಡಕದ ಹೆಸರಾಯಿತು. ನಲವತ್ತಕ್ಕೆ ಚಾಳೀಸು, ಅರವತ್ತಕ್ಕೆ ಅರಳು ಮರಳು. ಮೈಗೆ ಯಾವಾಗ ಏನಾಗುತ್ತದೆ ಎಂಬ ವೇಳಾಪಟ್ಟಿ ಭಾಷೆಯೊಳಗೇ ಇತ್ತು.

ಆ ವೇಳಾಪಟ್ಟಿ ತಪ್ಪಿಹೋಗಿದೆ ಎಂದು ಈಗ ಅನೇಕ ಯುವಕ ಯುವತಿಯರಿಗೆ ಅನಿಸುತ್ತಿದೆ. ಇಪ್ಪತ್ತಾರಕ್ಕೆ ಕಿವಿಯ ಪಕ್ಕದಲ್ಲಿ ನರೆ. ಇಪ್ಪತ್ತೊಂಬತ್ತಕ್ಕೆ ಮೆಟ್ಟಿಲು ಹತ್ತುವಾಗ ಮಂಡಿಯಲ್ಲಿ ಲಟಲಟ ಸದ್ದು. ಮೂವತ್ತೊಂದಕ್ಕೆ ಕಂಪನಿ ಮಾಡಿಸಿದ ರಕ್ತಪರೀಕ್ಷೆಯಲ್ಲಿ ‘ಬಾರ್ಡರ್‌ಲೈನ್ ಶುಗರ್’. ಒಂದು ರಾತ್ರಿ ಎರಡು ಗಂಟೆಗೆ ಎದೆ ಡವಗುಟ್ಟಿ ಎಚ್ಚರ. ಪಕ್ಕದಲ್ಲಿ ಮಲಗಿದ ಮಗುವನ್ನು ನೋಡುತ್ತಾ ಬೆಳಗಿನವರೆಗೆ ನಿದ್ದೆಯಿಲ್ಲ. ಮದುವೆ, ಮನೆ ಸಾಲ, ಕೆಲಸದಲ್ಲಿ ಬಡ್ತಿ ಎಂದು ಬದುಕನ್ನು ಆಗಷ್ಟೇ ಕಟ್ಟಿಕೊಳ್ಳುತ್ತಿರುವ ಹೊತ್ತಿನಲ್ಲಿ ಸ್ವಂತ ಮೈಯೇ ಕೈಕೊಟ್ಟಂತಾಗುವ ಈ ಭಯ ಸಣ್ಣದಲ್ಲ.

‘ಈ ವಯಸ್ಸಿಗೆ ಏನೂ ಆಗಲ್ಲ ಬಿಡು’ ಎಂಬ ಸಮಾಧಾನದಿಂದ ಆ ಭಯ ಹೋಗುವುದಿಲ್ಲ, ಹೋಗಲೂಬಾರದು. ಬೇಕಾಗಿರುವುದು ವಿಂಗಡಣೆ. ಕನ್ನಡಿಯಲ್ಲಿ ಕಾಣಿಸಿ ಕಂಗೆಡಿಸುವ ಗುರುತುಗಳಲ್ಲಿ ಹೆಚ್ಚಿನವು ನಿರಪಾಯದವು. ನಿಜವಾಗಿ ಎಚ್ಚರ ವಹಿಸಬೇಕಾದವು ಕನ್ನಡಿಗೆ ಕಾಣುವುದೇ ಇಲ್ಲ.

ಮೊದಲು ಕಣ್ಣಿನ ಲೆಕ್ಕವನ್ನೇ ನೋಡಬಹುದು. 19ನೇ ಶತಮಾನದ ಡಚ್ ನೇತ್ರತಜ್ಞ ಫ್ರಾನ್ಸ್ ಡಾಂಡರ್ಸ್, ಎಷ್ಟು ಹತ್ತಿರ ಹಿಡಿದ ಅಕ್ಷರವನ್ನು ಯಾವ ವಯಸ್ಸಿನವರು ಸ್ಪಷ್ಟವಾಗಿ ಓದಬಲ್ಲರು ಎಂದು ಅಳೆದ. ಹತ್ತು ವರ್ಷದ ಮಗು ಸುಮಾರು 7 ಸೆಂಟಿಮೀಟರ್ ದೂರದಲ್ಲಿ ಓದುತ್ತದೆ. ಇಪ್ಪತ್ತಕ್ಕೆ ಅದು 10, ಮೂವತ್ತಕ್ಕೆ 14, ನಲವತ್ತಕ್ಕೆ 22. ಅಂದರೆ ಕಣ್ಣಿನ ಮಸೂರ ಗಡುಸಾಗತೊಡಗುವುದು ನಲವತ್ತಕ್ಕಲ್ಲ, ಮೂರನೆಯದೋ ನಾಲ್ಕನೆಯದೋ ತರಗತಿಯಲ್ಲಿ. ಪುಸ್ತಕವನ್ನು ಯಾರೂ 14 ಸೆಂಟಿಮೀಟರಿಗೆ ಹಿಡಿದು ಓದುವುದಿಲ್ಲವಾದ್ದರಿಂದ ಆ ಸವೆತ ಮೂವತ್ತು ವರ್ಷ ಗೊತ್ತೇ ಆಗುವುದಿಲ್ಲ. ಒಂದು ದಿನ ಔಷಧಿ ಡಬ್ಬಿಯ ಮೇಲಿನ ಸಣ್ಣಕ್ಷರ ಕಾಣದಾದಾಗ ಎಲ್ಲವೂ ಆವತ್ತೇ ಶುರುವಾಯಿತು ಅನಿಸುತ್ತದೆ.

ಮೈಯ ಉಳಿದ ಭಾಗಗಳ ಕಥೆಯೂ ಹೆಚ್ಚುಕಡಿಮೆ ಹೀಗೆಯೇ. ಮೂಳೆ ತನ್ನ ಪೂರ್ಣ ಬಲವನ್ನು ಮೂವತ್ತರ ಹೊತ್ತಿಗೆ ತಲುಪುತ್ತದೆ. ಅಲ್ಲಿಂದಾಚೆಗೆ ಕೂಡಿಟ್ಟದ್ದನ್ನು ಕಾಯ್ದುಕೊಳ್ಳುವ ಕೆಲಸ. ದುಡಿಸಿಕೊಳ್ಳದ ಸ್ನಾಯು ಮೂವತ್ತರ ನಂತರ ಹತ್ತು ವರ್ಷಕ್ಕೆ ಶೇ. 3ರಿಂದ 8ರಷ್ಟು ಕರಗುತ್ತದೆ. ಓಡುವಾಗ ಹೃದಯ ಏರಬಲ್ಲ ಗರಿಷ್ಠ ಬಡಿತ ವರ್ಷಕ್ಕೆ ಸುಮಾರು ಒಂದರಂತೆ ಇಳಿಯುತ್ತದೆ. ಕಾಲೇಜಿನಲ್ಲಿ ಕಬಡ್ಡಿ ಆಡಿದವನು ಹತ್ತು ವರ್ಷ ಕುರ್ಚಿಯಲ್ಲಿ ಕೂತು, ಒಂದು ಭಾನುವಾರ ಮೈದಾನಕ್ಕಿಳಿದು ಏದುಸಿರು ಬಿಟ್ಟರೆ ಅದು ಅಕಾಲ ಮುಪ್ಪಲ್ಲ. ದುಡಿಯದ ಮೈ, ಅಷ್ಟೇ. ಅದರಲ್ಲಿ ದೊಡ್ಡ ಪಾಲನ್ನು ಮರಳಿ ಪಡೆಯಬಹುದು.

‘ಇದ್ದಕ್ಕಿದ್ದಂತೆ ವಯಸ್ಸಾದ ಹಾಗಿದೆ’ ಎಂಬ ಅನಿಸಿಕೆ ಪೂರ್ತಿ ಕಲ್ಪನೆಯೂ ಅಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮೈಕೆಲ್ ಸ್ನೈಡರ್ ಮತ್ತು ಸಂಗಡಿಗರು 25ರಿಂದ 75 ವರ್ಷದ 108 ಜನರ ರಕ್ತ ಮತ್ತಿತರ ಮಾದರಿಗಳನ್ನು ಕೆಲವು ವರ್ಷ ಪರೀಕ್ಷಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾವಿರಾರು ಅಣುಗಳಲ್ಲಿ ಹೆಚ್ಚಿನವು ಸಮವೇಗದಲ್ಲಿ ಬದಲಾಗುವುದಿಲ್ಲ; ನಲವತ್ತನಾಲ್ಕರ ಸುಮಾರಿಗೆ ಒಮ್ಮೆ, ಅರವತ್ತರ ಆಸುಪಾಸಿನಲ್ಲಿ ಇನ್ನೊಮ್ಮೆ ಜಿಗಿಯುತ್ತವೆ ಎಂದು ಅವರಿಗೆ ಕಂಡಿತು. ನೂರೆಂಟು ಜನರ ಅಧ್ಯಯನ ಇಡೀ ಮನುಕುಲಕ್ಕೆ ಸಾಲದು. ಆದರೂ ಮುಪ್ಪು ಇಳಿಜಾರಿನಂತೆ ಅಲ್ಲದೆ ಕೆಲವೆಡೆ ಮೆಟ್ಟಿಲಿನಂತೆ ಇರಬಹುದು ಎಂಬುದಕ್ಕೆ ಅದೊಂದು ಸುಳಿವು.

ಇನ್ನು ನರೆ. ಏಷ್ಯಾದ ಜನರಲ್ಲಿ 25ಕ್ಕೆ ಮುಂಚೆ ಕೂದಲು ಬೆಳ್ಳಗಾದರೆ ಅದನ್ನು ಅಕಾಲ ನರೆ ಎನ್ನುತ್ತಾರೆ ಚರ್ಮವೈದ್ಯರು. ಅದರಲ್ಲಿ ವಂಶದ ಪಾಲು ದೊಡ್ಡದು. 2016ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ತಂಡ ನರೆಗೆ ನಂಟಿರುವ ಐಆರ್‌ಎಫ್4 ಎಂಬ ವಂಶವಾಹಿಯನ್ನು ಗುರುತಿಸಿತು. ಒತ್ತಡದಿಂದ ಕೂದಲು ನರೆಯುತ್ತದೆ ಎಂಬ ಅಜ್ಜಿಯರ ಮಾತಿಗೂ ಪುರಾವೆ ಸಿಕ್ಕಿದೆ. ಒತ್ತಡದ ಹೊತ್ತಿನಲ್ಲಿ ನರಗಳಿಂದ ಹೊಮ್ಮುವ ರಾಸಾಯನಿಕ ಕೂದಲಿಗೆ ಬಣ್ಣ ಕೊಡುವ ಮೂಲಕೋಶಗಳನ್ನು ಬರಿದುಮಾಡುತ್ತದೆ ಎಂದು 2020ರಲ್ಲಿ ಹಾರ್ವರ್ಡ್ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿದರು. ಮರುವರ್ಷ ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಟಿನ್ ಪಿಕಾರ್ಡ್ ಅವರ ತಂಡ ಹದಿನಾಲ್ಕು ಜನರ ಕೂದಲನ್ನು ಎಳೆ ಎಳೆಯಾಗಿ ಅಳೆಯಿತು. ಅವರಲ್ಲೊಬ್ಬರು ರಜೆಯ ಮೇಲಿದ್ದಾಗ ಐದು ಬಿಳಿ ಕೂದಲು ಬುಡದಿಂದ ಮತ್ತೆ ಕಪ್ಪಾಗಿದ್ದವು. ಐದೇ ಐದು ಎಳೆ. ಹಾಗೆಂದು ಎಲ್ಲ ನರೆಯೂ ರಜೆಯಿಂದ ಹೋಗುವುದಿಲ್ಲ.

ಅಕಾಲ ನರೆಯ ಜೊತೆಗೆ ಕೇಳಬೇಕಾದ ಒಂದು ಪ್ರಶ್ನೆ ನಮ್ಮ ಅಡುಗೆಮನೆಗೆ ಸೇರಿದ್ದು. ವಿಟಮಿನ್ ಬಿ12 ಸಿಗುವುದು ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ. ಅನ್ನ ಸಾರು ಪಲ್ಯ ಉಂಡು ಮೇಲೊಂದಿಷ್ಟು ಮಜ್ಜಿಗೆಗೆ ಮುಗಿಸುವವರಲ್ಲಿ ಇದರ ಕೊರತೆ ಸಾಮಾನ್ಯ. ಕೈಕಾಲು ಜೋಮು, ನಾಲಿಗೆ ಉರಿ, ಸುಸ್ತು, ಹೆಸರು ನೆನಪಾಗದಿರುವುದು ಇದರ ಲಕ್ಷಣಗಳು, ನರೆಯೂ ಇರಬಹುದು. ಇಪ್ಪತ್ತೇಳರ ಹುಡುಗಿಯೊಬ್ಬಳಿಗೆ ಇವೆಲ್ಲ ಒಟ್ಟಿಗೆ ಕಂಡರೆ ಮುಪ್ಪು ಬಂತು, ಮರೆವಿನ ರೋಗ ಬಂತು ಎಂದು ಕಂಗಾಲಾಗುವುದು ಸಹಜ. ಬಿ12, ಥೈರಾಯ್ಡ್, ಹಿಮೋಗ್ಲೋಬಿನ್ ಈ ಮೂರು ರಕ್ತಪರೀಕ್ಷೆಗಳು ಎಷ್ಟೋ ಸಲ ಉತ್ತರ ಕೊಡುತ್ತವೆ. ಮೂರಕ್ಕೂ ಚಿಕಿತ್ಸೆ ಇದೆ.

ಮಂಡಿಯ ಲಟಲಟ ಸದ್ದಿಗೆ ಸಾಮಾನ್ಯ ಕಾರಣ ಕೀಲಿನ ದ್ರವದಲ್ಲಿ ಏಳುವ ಅನಿಲದ ಗುಳ್ಳೆ, ಇಲ್ಲವೇ ಮೂಳೆಯ ಮೇಲೆ ಸರಿಯುವ ಸ್ನಾಯುಬಂಧ. ನೋವಿಲ್ಲ, ಊತವಿಲ್ಲ ಎಂದರೆ ಸದ್ದು ಸದ್ದು ಮಾತ್ರ. ಎದೆಯಲ್ಲಿ ‘ಒಂದು ಬಡಿತ ತಪ್ಪಿದಂತೆ’ ಆಗುವುದು ಬಹುಪಾಲು ಹೊತ್ತಿಗೆ ಮುಂಚೆ ಬಿದ್ದ ಒಂಟಿ ಬಡಿತ. 24 ಗಂಟೆ ಯಂತ್ರ ಕಟ್ಟಿ ನೋಡಿದರೆ ಆರೋಗ್ಯವಂತರಲ್ಲೂ ಇಂಥವು ಸಿಗುತ್ತವೆ. ಕಾಫಿ, ನಿದ್ದೆಗೇಡು, ರಕ್ತಹೀನತೆ ಇದನ್ನು ಹೆಚ್ಚಿಸುತ್ತವೆ. ಆದರೆ ಎದೆ ಡವಗುಟ್ಟುತ್ತಾ ಎಚ್ಚರ ತಪ್ಪಿದರೆ, ಓಡುವಾಗಲೇ ಹಾಗಾದರೆ, ಅಥವಾ ಮನೆತನದಲ್ಲಿ ಚಿಕ್ಕ ವಯಸ್ಸಿನವರು ಹಠಾತ್ತನೆ ತೀರಿಕೊಂಡಿದ್ದರೆ ಅದು ಬೇರೆ ಮಾತು. ಆಗ ಹೃದಯ ತಜ್ಞರನ್ನು ಕಾಣಲು ತಡಮಾಡಬಾರದು.

ಕರ್ನಾಟಕದಲ್ಲಿ ಎದೆಯ ಭಯಕ್ಕೆ ನಿರ್ದಿಷ್ಟ ದಿನಾಂಕಗಳಿವೆ. 2020ರ ಜೂನ್ 7ರಂದು ನಟ ಚಿರಂಜೀವಿ ಸರ್ಜಾ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. 2021ರ ಅಕ್ಟೋಬರ್ 29ರಂದು, 46 ವರ್ಷದ ನಟ ‘ಅಪ್ಪು’ ಪುನೀತ್ ರಾಜ್‌ಕುಮಾರ್. ವ್ಯಾಯಾಮ, ಶಿಸ್ತು, ನಗು ಎಂದರೆ ಜನರ ಕಣ್ಣ ಮುಂದೆ ಬರುತ್ತಿದ್ದ ಮುಖ ಅದು. ‘ಅಪ್ಪುಗೇ ಹೀಗಾದರೆ ನಮ್ಮ ಗತಿ ಏನು’ ಎಂಬ ಪ್ರಶ್ನೆ ಆ ವಾರ ಮನೆಮನೆಯಲ್ಲಿತ್ತು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಹೊರರೋಗಿ ವಿಭಾಗದ ಮುಂದೆ ತಪಾಸಣೆಗೆ ಬಂದ ಯುವಜನರ ಸಾಲು ಬೆಳೆಯಿತು. 2025ರ ಮೇ, ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹಠಾತ್ ಸಾವಿನ ಸುದ್ದಿ ಬಂದಾಗ ಅದೇ ಸಾಲು ಮೈಸೂರಿನಲ್ಲೂ ಕಾಣಿಸಿತು. ಗಾಬರಿಯಿಂದ ಏಕಕಾಲಕ್ಕೆ ಬರಬೇಡಿ ಎಂದು ವೈದ್ಯರೇ ವಿನಂತಿಸಬೇಕಾಯಿತು.

ಹಾಸನದ ಸಾವುಗಳನ್ನು ಪರಿಶೀಲಿಸಿದ ತಜ್ಞರ ಸಮಿತಿಗೆ ಹಿಂದಿನ ವರ್ಷಗಳಿಗಿಂತ ಅಸಹಜವಾದ ಏರಿಕೆಯೇನೂ ಕಾಣಲಿಲ್ಲ. ಪಟ್ಟಿಯಲ್ಲಿದ್ದ ಕೆಲವು ಸಾವುಗಳಿಗೆ ಹೃದಯ ಕಾರಣವೇ ಆಗಿರಲಿಲ್ಲ. ಹೃದಯದಿಂದ ಆದವುಗಳ ಹಿಂದೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೊಜ್ಜು, ತಂಬಾಕು, ಕುಡಿತ, ಮನೆತನದ ಇತಿಹಾಸ ಇದ್ದವು. ಕೋವಿಡ್ ಲಸಿಕೆಯ ಮೇಲಿದ್ದ ಅನುಮಾನಕ್ಕೂ ಉತ್ತರ ಅದಕ್ಕೆ ಮುಂಚೆಯೇ ಸಿದ್ಧವಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 47 ಆಸ್ಪತ್ರೆಗಳ ಮೂಲಕ 18ರಿಂದ 45 ವರ್ಷದವರ ಕಾರಣ ತಿಳಿಯದ ಹಠಾತ್ ಸಾವುಗಳನ್ನು ಅಧ್ಯಯನ ಮಾಡಿ 2023ರಲ್ಲಿ ವರದಿ ಪ್ರಕಟಿಸಿತು. ಲಸಿಕೆ ಅಪಾಯವನ್ನು ಹೆಚ್ಚಿಸಿರಲಿಲ್ಲ. ಹೆಚ್ಚಿಸಿದ್ದವು ಬೇರೆ: ಹಿಂದೆ ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಕುಟುಂಬದಲ್ಲಿ ಹಠಾತ್ ಸಾವು, ಸಾವಿಗೆ ಮುಂಚಿನ 48 ಗಂಟೆಗಳಲ್ಲಿ ವಿಪರೀತ ಕುಡಿತ, ಮಾದಕ ವಸ್ತು, ಅದೇ ಅವಧಿಯಲ್ಲಿ ಮೈಮೀರಿದ ವ್ಯಾಯಾಮ.

ಹಾಗಾದರೆ ಇಲ್ಲಿಯ ಯುವಕರಿಗೇ ಏಕೆ ಇಷ್ಟು ಬೇಗ? ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಮುಖ್ಯರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ಕೆನಡಾದಲ್ಲಿ ನೆಲೆಸಿದ ಡಾ. ಸಲೀಂ ಯೂಸುಫ್. ಅವರ ಮುಂದಾಳತ್ವದಲ್ಲಿ 52 ದೇಶಗಳಲ್ಲಿ ನಡೆದ ‘ಇಂಟರ್‌ಹಾರ್ಟ್’ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಮೊದಲ ಹೃದಯಾಘಾತದ ಮಧ್ಯಾಂಕ ವಯಸ್ಸು ದಕ್ಷಿಣ ಏಷ್ಯಾದವರಲ್ಲಿ 53, ಉಳಿದವರಲ್ಲಿ ಸುಮಾರು 59 ಎಂದು ಅದರ ಅಂಕಿಗಳಿಂದ ತಿಳಿಯಿತು. ಆರು ವರ್ಷದ ಅಂತರ. ಆದರೆ ಅದೇ ಅಧ್ಯಯನದ ಇನ್ನೊಂದು ಫಲಿತಾಂಶಕ್ಕೆ ಇಷ್ಟೇ ಪ್ರಚಾರ ಸಿಕ್ಕಲಿಲ್ಲ. ಕೊಲೆಸ್ಟ್ರಾಲ್, ತಂಬಾಕು, ಬಿಪಿ, ಸಕ್ಕರೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು ತರಕಾರಿಯ ಕೊರತೆ, ಮೈದಂಡಿಸದಿರುವುದು, ಮದ್ಯದ ಅಭ್ಯಾಸ ಎಂಬ ಒಂಬತ್ತು ಅಂಶಗಳೇ ಲೋಕದಾದ್ಯಂತ ಹೃದಯಾಘಾತದ ಅಪಾಯದ ಸುಮಾರು ಶೇ. 90ನ್ನು ವಿವರಿಸುತ್ತಿದ್ದವು. ದಕ್ಷಿಣ ಏಷ್ಯಾದವರ ಹೃದಯಕ್ಕೆ ಪ್ರತ್ಯೇಕವಾದ ಗುಟ್ಟಿನ ಕಾಯಿಲೆಯೇನೂ ಇರಲಿಲ್ಲ. ಎಲ್ಲರಿಗೂ ಇರುವ ಅಪಾಯಗಳೇ ಇಲ್ಲಿಯವರಿಗೆ ಬೇಗ ಅಂಟಿಕೊಂಡಿದ್ದವು.

ಬೇಗ ಅಂಟಿಕೊಳ್ಳುವುದು ಹೇಗೆ ಎಂಬುದಕ್ಕೆ ಒಂದು ಛಾಯಾಚಿತ್ರ ಪ್ರಸಿದ್ಧವಾಗಿದೆ. ಪುಣೆಯ ಕೆಇಎಂ ಆಸ್ಪತ್ರೆಯ ಮಧುಮೇಹ ತಜ್ಞ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತಿರುವ ಆ ಚಿತ್ರ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಇಬ್ಬರೂ ತೆಳ್ಳಗಿದ್ದಾರೆ. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕವಾದ ಬಿಎಂಐ ಇಬ್ಬರದೂ 22.3. ಆದರೆ ಮೈಯಲ್ಲಿದ್ದ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಎಂಬ ನಮ್ಮ ಮೈಕಟ್ಟಿನಲ್ಲಿ ಕೊಬ್ಬು ಯಕೃತ್ತು ಮತ್ತು ಕರುಳಿನ ಸುತ್ತ ಕೂತು ಇನ್ಸುಲಿನ್‌ನ ಕೆಲಸ ಕೆಡಿಸುತ್ತದೆ. ‘ನಾನು ತೆಳ್ಳಗಿದ್ದೇನೆ, ನನಗೇನು’ ಎಂಬ ಧೈರ್ಯ ಇಲ್ಲಿ ನಿಲ್ಲುವುದಿಲ್ಲ. ಆದ್ದರಿಂದಲೇ ಭಾರತೀಯರಿಗೆ ಗೊತ್ತುಮಾಡಿದ ಸೊಂಟದ ಸುತ್ತಳತೆಯ ಮಿತಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ದರ್ಜಿಯ ಟೇಪಿನಲ್ಲಿ ಹೊಕ್ಕುಳಿನ ಸುತ್ತ ಅಳೆದರೆ ಸಾಕು.

ದೇಶದ ಮಟ್ಟದಲ್ಲಿ ಈ ಸಮಸ್ಯೆ ಎಷ್ಟು ದೊಡ್ಡದು ಎಂದು 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಸಮೀಕ್ಷೆ ತೋರಿಸಿತು. ಇಪ್ಪತ್ತು ದಾಟಿದ ಭಾರತೀಯರಲ್ಲಿ ಸುಮಾರು 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ, ಶೇ. 35.5 ಮಂದಿಗೆ ಅಧಿಕ ರಕ್ತದೊತ್ತಡ ಇದೆ ಎಂಬುದು ಅದರ ಅಂದಾಜು. ಹೊಸ್ತಿಲಲ್ಲಿರುವವರ ಮಟ್ಟಿಗೆ ಒಂದು ಭರವಸೆಯ ಮಾತೂ ಇದೆ. ಊಟ, ನಡಿಗೆ, ತೂಕದಲ್ಲಿ ಬದಲಾವಣೆ ಮಾಡಿಕೊಂಡವರಲ್ಲಿ ಅನೇಕರು ಸಕ್ಕರೆ ಕಾಯಿಲೆಯ ಕಡೆಗೆ ದಾಟದೆ ಉಳಿಯುತ್ತಾರೆ.

ರಕ್ತನಾಳದೊಳಗಿನ ಕೆಲಸ ಇನ್ನೂ ಮುಂಚೆ ಶುರುವಾಗಿರುತ್ತದೆ. ಕೊರಿಯಾ ಯುದ್ಧದಲ್ಲಿ ಮಡಿದ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಪರೀಕ್ಷಿಸಿದ ವೈದ್ಯರು 1953ರಲ್ಲಿ ಬರೆದದ್ದು ಇಂದಿಗೂ ಬೆಚ್ಚಿಬೀಳಿಸುತ್ತದೆ. ಆ ಸೈನಿಕರ ಸರಾಸರಿ ವಯಸ್ಸು 22. ಶೇ. 77ರಷ್ಟು ಮಂದಿಯ ಹೃದಯದ ನಾಳಗಳಲ್ಲಿ ಜಿಡ್ಡಿನ ಕುರುಹು ಕಣ್ಣಿಗೇ ಕಾಣುತ್ತಿತ್ತು. ಬಂದೂಕು ಹೊತ್ತು ಬೆಟ್ಟ ಹತ್ತುತ್ತಿದ್ದ ಆ ಹುಡುಗರಿಗೆ ಇದರ ಅರಿವೇ ಇರಲಿಲ್ಲ.

ಯುವಕರ ಹೃದಯಾಘಾತ ವಯಸ್ಸಾದವರ ಹೃದಯಾಘಾತದಂತೆ ಇರುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ವಯಸ್ಸಾದವರಲ್ಲಿ ನಾಳ ವರ್ಷಗಟ್ಟಲೆ ಕಿರಿದಾಗುತ್ತಾ ಬಂದಿರುತ್ತದೆ. ಮೆಟ್ಟಿಲು ಹತ್ತಿದರೆ ಎದೆ ಹಿಡಿದು ಎಚ್ಚರಿಸುತ್ತದೆ. ಯುವಕರಲ್ಲಿ ಜಿಡ್ಡಿನ ಗಂಟು ಸಣ್ಣದೇ ಇರಬಹುದು. ಬೀಡಿ ಸಿಗರೇಟಿನ ಹೊಗೆಯಿಂದಲೋ ಏರಿದ ಬಿಪಿಯಿಂದಲೋ ಅದರ ತೆಳುವಾದ ಹೊದಿಕೆ ಒಮ್ಮೆ ಒಡೆಯುತ್ತದೆ, ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ನಾಳ ನಿಮಿಷಗಳಲ್ಲಿ ಮುಚ್ಚಿಹೋಗುತ್ತದೆ. ಹಿಂದಿನ ವಾರ ಟ್ರೆಡ್‌ಮಿಲ್ ಪರೀಕ್ಷೆ ‘ನಾರ್ಮಲ್’ ಬಂದಿದ್ದೂ ಹೀಗಾಗಬಹುದು, ಏಕೆಂದರೆ ಆ ಪರೀಕ್ಷೆ ಕಿರಿದಾದ ನಾಳವನ್ನು ಹುಡುಕುತ್ತದೆ, ನಾಳೆ ಒಡೆಯಬಹುದಾದ ಗಂಟನ್ನಲ್ಲ. ಯುವಕರ ಮಟ್ಟಿಗೆ ತಂಬಾಕಿಗಿಂತ ದೊಡ್ಡ ಶತ್ರು ಇಲ್ಲ ಎಂದು ಹೃದಯ ತಜ್ಞರು ಒತ್ತಿ ಹೇಳುವುದು ಇದಕ್ಕೇ. ಬಿಟ್ಟ ದಿನದಿಂದಲೇ ಅಪಾಯ ಇಳಿಯತೊಡಗುತ್ತದೆ.

ಆದರೆ ಆಘಾತದ ಗಳಿಗೆಯಲ್ಲಿ ಕರ್ನಾಟಕದ ಮನೆಗಳಲ್ಲಿ ಕೇಳುವ ಮೊದಲ ಮಾತು ‘ಗ್ಯಾಸ್ಟ್ರಿಕ್ ಇರಬೇಕು’. ಎದೆ ಉರಿ, ಎದೆ ಬಿಗಿತ, ಹೊಟ್ಟೆಯ ಮೇಲ್ಭಾಗದ ಸಂಕಟ, ತೇಗು ಎಲ್ಲಕ್ಕೂ ಅದೊಂದೇ ಹೆಸರು. ಜೀರಿಗೆ ಕಷಾಯ, ಸೋಡಾ, ಮೆಡಿಕಲ್ ಶಾಪಿನ ಒಂದು ಮಾತ್ರೆ, ‘ಬೆಳಿಗ್ಗೆ ನೋಡೋಣ’. ಎಷ್ಟೋ ಸಲ ಅದು ನಿಜವಾಗಿಯೂ ಗ್ಯಾಸ್ಟ್ರಿಕ್ ಆಗಿರಬಹುದು, ಇಲ್ಲವೇ ಆತಂಕದ ದಾಳಿ ಇರಬಹುದು. ಆತಂಕದ ದಾಳಿಯಲ್ಲೂ ಎದೆ ಹಿಡಿಯುತ್ತದೆ, ಬೆವರು ಬರುತ್ತದೆ, ಸತ್ತೇಹೋಗುತ್ತೇನೆ ಅನಿಸುತ್ತದೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಶಿಖರ ಮುಟ್ಟಿ ಇಳಿಯುತ್ತದೆ. ಅದು ನಾಟಕವಲ್ಲ, ಚಿಕಿತ್ಸೆ ಇರುವ ನಿಜವಾದ ತೊಂದರೆ. ಆದರೆ ಮೊದಲ ಸಲ ಬಂದ ಎದೆನೋವು ಯಾವ ಜಾತಿಯದು ಎಂದು ಮನೆಯಲ್ಲಿ ಕೂತು ತೀರ್ಮಾನಿಸಲು ವೈದ್ಯರಿಗೂ ಆಗುವುದಿಲ್ಲ. ಅವರಿಗೆ ಇಸಿಜಿ ಬೇಕು, ಟ್ರೋಪೊನಿನ್ ರಕ್ತಪರೀಕ್ಷೆ ಬೇಕು. ಮೊದಲ ಇಸಿಜಿ ಸರಿ ಇದ್ದರೂ ಅನುಮಾನ ಉಳಿದರೆ ಕೆಲವು ಗಂಟೆ ಬಿಟ್ಟು ಮತ್ತೆ ನೋಡುತ್ತಾರೆ.

ಈಗ ಆ ಇಸಿಜಿಗೆ ದೊಡ್ಡ ಊರಿಗೇ ಓಡಬೇಕಿಲ್ಲ. ಪುನೀತ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ನಡೆಸುತ್ತಿರುವ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳನ್ನು ಜಯದೇವದಂಥ ದೊಡ್ಡ ಕೇಂದ್ರಗಳಿಗೆ ಜೋಡಿಸಲಾಗಿದೆ. ತಾಲ್ಲೂಕಿನಲ್ಲಿ ತೆಗೆದ ಇಸಿಜಿಯನ್ನು ಅಲ್ಲಿಯ ತಜ್ಞರು ಕೆಲವೇ ನಿಮಿಷಗಳಲ್ಲಿ ಓದುತ್ತಾರೆ. ಹೃದಯಾಘಾತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ, ಹಣ ಪಡೆಯದೆ ಕೊಡುತ್ತಾರೆ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿಯ ಮದ್ದು ಅದು. ನಾಳ ಮುಚ್ಚಿದ ಮೊದಲ ಗಂಟೆಯಲ್ಲಿ ಸಿಕ್ಕಿದರೆ ಉಳಿಯುವ ಹೃದಯದ ಸ್ನಾಯು, ‘ಬೆಳಿಗ್ಗೆ ನೋಡೋಣ’ ಎಂದವರಿಗೆ ಉಳಿಯುವುದಿಲ್ಲ.

ಮಿದುಳಿನ ವಿಷಯದಲ್ಲೂ ಗಡಿಯಾರ ಹೀಗೆಯೇ ಓಡುತ್ತದೆ. ಬೆಂಗಳೂರಿನ ಷೇರು ವಹಿವಾಟು ಕಂಪನಿ ಜೆರೋಧಾದ ಮುಖ್ಯಸ್ಥ ನಿತಿನ್ ಕಾಮತ್ ತಮಗೆ ಸಣ್ಣ ಪಾರ್ಶ್ವವಾಯು ಆಗಿದ್ದನ್ನು 2024ರ ಫೆಬ್ರುವರಿಯಲ್ಲಿ ಸ್ವತಃ ಬಹಿರಂಗಪಡಿಸಿದರು. ವಯಸ್ಸು 44, ನಿತ್ಯ ವ್ಯಾಯಾಮ ಮಾಡುವವರು. ಮುಖ ಒಂದು ಕಡೆ ಜೋತಿತ್ತು, ಓದಲು ಬರೆಯಲು ಆಗುತ್ತಿರಲಿಲ್ಲ. ತಂದೆಯ ಸಾವು, ನಿದ್ದೆಗೇಡು, ದಣಿವು, ಮೈಯಲ್ಲಿ ನೀರಿನ ಕೊರತೆ, ಅತಿಯಾದ ವ್ಯಾಯಾಮ ಇವುಗಳಲ್ಲಿ ಯಾವುದಾದರೂ ಕಾರಣವಿರಬಹುದು ಎಂದು ಅವರು ಬರೆದುಕೊಂಡರು. ಅಷ್ಟು ದೊಡ್ಡ ಹುದ್ದೆಯಲ್ಲಿದ್ದೂ ಮುಚ್ಚಿಡದೆ ಹೇಳಿದ್ದು ಉಪಕಾರದ ಕೆಲಸ. ಬಾಯಿ ಸೊಟ್ಟಗಾಗುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು ಇವು ಲಕ್ವದ ಮೊದಲ ಗುರುತುಗಳು. ಹೆಪ್ಪು ಕರಗಿಸುವ ಮದ್ದು ಕೊಡಲು ಇರುವ ಸಮಯ ನಾಲ್ಕೂವರೆ ಗಂಟೆ. ಇಪ್ಪತ್ತೆಂಟರವರಿಗೆ ಲಕ್ವ ಹೊಡೆಯುವುದಿಲ್ಲ ಎಂದುಕೊಂಡು ಮಲಗಿಸಿದರೆ ಆ ಸಮಯ ಅಲ್ಲೇ ಕಳೆದುಹೋಗುತ್ತದೆ.

ಹೆಣ್ಣುಮಕ್ಕಳ ಮೈ ಒಂದು ಮುನ್ಸೂಚನೆಯನ್ನು ತುಂಬ ಮುಂಚೆಯೇ ಕೊಡುತ್ತದೆ. ಬಸುರಿನಲ್ಲಿ ಕಾಣಿಸಿಕೊಂಡ ಸಕ್ಕರೆ ಹೆರಿಗೆಯ ನಂತರ ಇಳಿದರೆ ಮನೆಯವರೆಲ್ಲ ನಿಟ್ಟುಸಿರು ಬಿಡುತ್ತಾರೆ. ಆದರೆ ಅಂಥ ತಾಯಂದಿರಿಗೆ ಮುಂದಿನ ವರ್ಷಗಳಲ್ಲಿ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಬಹಳ ಹೆಚ್ಚು. ಬಸುರಿನಲ್ಲಿ ಬಿಪಿ ಏರಿ ತೊಂದರೆಯಾದವರಿಗೆ ಮುಂದೆ ಹೃದಯದ ಕಾಯಿಲೆಯ ಅಪಾಯ ಹೆಚ್ಚು. ಹೆರಿಗೆಯಾದ ಆರರಿಂದ ಹನ್ನೆರಡು ವಾರದೊಳಗೆ ಸಕ್ಕರೆಯನ್ನು ಮತ್ತೊಮ್ಮೆ ಪರೀಕ್ಷಿಸಬೇಕು ಎಂಬುದು ನಿಯಮ. ಆ ಹೊತ್ತಿಗೆ ಬಾಣಂತಿ ತವರಿನಲ್ಲಿರುತ್ತಾಳೆ. ಮನೆಯವರ ಗಮನವೆಲ್ಲ ಮಗುವಿನ ಮೇಲೆ, ಅದರ ಲಸಿಕೆಯ ಮೇಲೆ. ತಾಯಿಯ ಪರೀಕ್ಷೆ ಮರೆತೇಹೋಗುತ್ತದೆ. ಮಗುವನ್ನು ಲಸಿಕೆಗೆ ಕರೆದೊಯ್ದ ದಿನವೇ ತಾಯಿಯ ರಕ್ತವನ್ನೂ ಕೊಟ್ಟು ಬಂದರೆ ಇದು ತಪ್ಪುವುದಿಲ್ಲ.

ಸರ್ಕಾರದ ತಪಾಸಣಾ ಕಾರ್ಯಕ್ರಮ ಬಿಪಿ, ಸಕ್ಕರೆ ನೋಡಲು ಆರಂಭಿಸುವುದು 30ನೇ ವಯಸ್ಸಿನಿಂದ. ಮನೆಬಾಗಿಲಿಗೆ ಬರುವ ‘ಗೃಹ ಆರೋಗ್ಯ’ ಯೋಜನೆಯ ಲೆಕ್ಕವೂ ಮೂವತ್ತು ದಾಟಿದವರದೇ. ಹದಿನೆಂಟರಿಂದ ಇಪ್ಪತ್ತೊಂಬತ್ತರವರೆಗಿನ ಹನ್ನೆರಡು ವರ್ಷ ಯಾರ ಪಟ್ಟಿಯಲ್ಲೂ ಇಲ್ಲ. ಆ ಹನ್ನೆರಡು ವರ್ಷಗಳಲ್ಲೇ ಹುಡುಗರು ಊರು ಬಿಟ್ಟು ಪಿಜಿ ಸೇರುತ್ತಾರೆ, ರಾತ್ರಿಪಾಳಿ ಹಿಡಿಯುತ್ತಾರೆ, ಮೊದಲ ಸಿಗರೇಟು ಹಚ್ಚುತ್ತಾರೆ, ಮನೆಯೂಟ ಬಿಟ್ಟು ಪಾರ್ಸೆಲ್‌ಗೆ ಬೀಳುತ್ತಾರೆ. ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೊರಡಿಸಿದ ಮಾರ್ಗಸೂಚಿ ಈ ಕೊರತೆಯನ್ನು ಗುರುತಿಸಿದಂತಿದೆ. ಮೊದಲ ಕೊಲೆಸ್ಟ್ರಾಲ್ ಪರೀಕ್ಷೆ ಹದಿನೆಂಟಕ್ಕೇ ಆಗಲಿ, ಹುಟ್ಟಿನಿಂದಲೇ ಮಟ್ಟ ನಿರ್ಧಾರವಾಗಿರುವ ಲೈಪೊಪ್ರೋಟೀನ್-ಎ ಎಂಬ ಜಿಡ್ಡನ್ನು ಬದುಕಿನಲ್ಲಿ ಒಮ್ಮೆಯಾದರೂ ಅಳೆಯಲಿ ಎಂದು ಅದು ಹೇಳುತ್ತದೆ.

ಇದರರ್ಥ ಜಾಹೀರಾತಿನಲ್ಲಿ ಕಾಣುವ ನೂರು ಪರೀಕ್ಷೆಗಳ ಪ್ಯಾಕೇಜಿಗೆ ದುಡ್ಡು ಸುರಿಯಬೇಕೆಂದಲ್ಲ. ಲಕ್ಷಣವಿಲ್ಲದ ಇಪ್ಪತ್ತೈದರ ಹುಡುಗನಿಗೆ ಕ್ಯಾನ್ಸರ್ ಗುರುತಿನ ರಕ್ತಪರೀಕ್ಷೆ ಮಾಡಿಸಿದರೆ ಸಿಗುವುದು ಹೆಚ್ಚಾಗಿ ಸುಳ್ಳು ಎಚ್ಚರಿಕೆ, ಅದರ ಬೆನ್ನಿಗೆ ಸ್ಕ್ಯಾನು, ಇನ್ನಷ್ಟು ರಾತ್ರಿಗಳ ನಿದ್ದೆಗೇಡು. ಬೇಕಾದವು ಕೆಲವೇ: ಬಿಪಿ, ಸೊಂಟದ ಸುತ್ತಳತೆ, ಬರಿಹೊಟ್ಟೆಯ ಸಕ್ಕರೆ ಅಥವಾ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ, ಕೊಲೆಸ್ಟ್ರಾಲ್. ಚೆನ್ನೈನ ಡಾ. ವಿ. ಮೋಹನ್ ಅವರ ತಂಡ 2005ರಲ್ಲಿ ರೂಪಿಸಿದ ಮಧುಮೇಹ ಅಪಾಯದ ಅಂಕಪಟ್ಟಿಗೆ ರಕ್ತವೂ ಬೇಡ. ವಯಸ್ಸು, ಸೊಂಟದ ಅಳತೆ, ಎಷ್ಟು ಮೈದಂಡಿಸುತ್ತೀರಿ, ತಂದೆ ತಾಯಿಗೆ ಸಕ್ಕರೆ ಇದೆಯೇ ಎಂಬ ನಾಲ್ಕೇ ಪ್ರಶ್ನೆ. ನೂರಕ್ಕೆ 60 ಅಥವಾ ಹೆಚ್ಚು ಅಂಕ ಬಂದರೆ ರಕ್ತ ಪರೀಕ್ಷಿಸಲೇಬೇಕು.

ಆ ನಾಲ್ಕನೆಯ ಪ್ರಶ್ನೆ ಒಂದು ಹಳೆಯ ಕಥೆಯನ್ನು ನೆನಪಿಸುತ್ತದೆ. ಶುಕ್ರಾಚಾರ್ಯರ ಶಾಪದಿಂದ ಬಂದ ಮುಪ್ಪನ್ನು ಯಯಾತಿ ಮಕ್ಕಳ ಮುಂದೆ ಇಟ್ಟ. ನಾಲ್ವರು ಒಲ್ಲೆ ಎಂದರು, ಕಿರಿಯವನಾದ ಪೂರು ತೆಗೆದುಕೊಂಡ. ಆ ಕಥೆಯನ್ನೇ ಹಿಡಿದು ಗಿರೀಶ ಕಾರ್ನಾಡರು ತಮ್ಮ ಮೊದಲ ನಾಟಕ ‘ಯಯಾತಿ’ ಬರೆದಾಗ ಅವರಿಗೂ ಇಪ್ಪತ್ತರ ಹರೆಯ. ಪುರಾಣದ ಮಕ್ಕಳಿಗೆ ಒಲ್ಲೆ ಎನ್ನುವ ಅವಕಾಶವಾದರೂ ಇತ್ತು. ತಂದೆಯ ಬಿಪಿ, ತಾಯಿಯ ಸಕ್ಕರೆ, ಅಜ್ಜನ ಹೃದಯ ಕೇಳದೆಯೇ ಬರುತ್ತವೆ. ಆದರೆ ಬಂದದ್ದು ಏನು ಎಂದು ಮೊದಲೇ ತಿಳಿದವರಿಗೆ ಹತ್ತಿಪ್ಪತ್ತು ವರ್ಷದ ಕಾಲಾವಕಾಶ ಸಿಗುತ್ತದೆ. ತಂದೆಗೋ ಅಣ್ಣನಿಗೋ 55ಕ್ಕೆ ಮುಂಚೆ, ತಾಯಿಗೋ ಅಕ್ಕನಿಗೋ 65ಕ್ಕೆ ಮುಂಚೆ ಹೃದಯದ ಕಾಯಿಲೆ ಬಂದಿದ್ದರೆ ಅದನ್ನು ಅಕಾಲಿಕ ಎಂದು ಪರಿಗಣಿಸಿ, ಮಕ್ಕಳ ಚಿಕಿತ್ಸೆಯ ಲೆಕ್ಕವನ್ನೇ ವೈದ್ಯರು ಬದಲಿಸುತ್ತಾರೆ.

ತೊಂದರೆ ಎಂದರೆ ಹೆಚ್ಚಿನ ಮನೆಗಳಲ್ಲಿ ಈ ದಾಖಲೆ ಇರುವುದು ಕಾಗದದಲ್ಲಲ್ಲ, ಹಿರಿಯರ ನೆನಪಿನಲ್ಲಿ. ಅದೂ ಕಾಯಿಲೆಯ ಹೆಸರಿನಲ್ಲಿ ಇರುವುದಿಲ್ಲ. ‘ಎದೆ ಹಿಡ್ಕೊಂಡ್ರು’, ‘ಲಕ್ವ ಹೊಡೀತು’, ‘ಕಾಲಿನ ಗಾಯ ಕೊನೇವರೆಗೂ ಮಾಯಲಿಲ್ಲ’ ಎಂಬಂಥ ಮಾತುಗಳಲ್ಲಿ ಅಡಗಿರುತ್ತದೆ. ಮದುವೆಯಲ್ಲೋ ತಿಥಿಯಲ್ಲೋ ಬಂಧುಗಳೆಲ್ಲ ಸೇರಿದಾಗ ಊಟದ ನಂತರ ಎಲೆ ಅಡಿಕೆಯ ಹೊತ್ತಿನಲ್ಲಿ ಕೇಳಿದರೆ ಹೊರಬರುತ್ತದೆ. ‘ನಿಮ್ಮ ತಾತಂಗೆ ಏನೂ ಕಾಯಿಲೆ ಇರಲಿಲ್ಲ ಕಣಪ್ಪ, ಗಟ್ಟಿ ಆಳು. ಒಂದಿನ ರಾತ್ರಿ ಊಟ ಮಾಡಿ ಗ್ಯಾಸ್ಟ್ರಿಕ್ ಅಂತ ಮಲಗಿದ್ರು, ಬೆಳಗಾಗೋದ್ರೊಳಗೆ ಹೋಗಿಬಿಟ್ಟಿದ್ರು. ನಲವತ್ತೆಂಟು ಇರಬೇಕು ಆಗ.’ ದೊಡ್ಡತ್ತೆ ಇಷ್ಟು ಹೇಳಿ ಅಡಿಕೆ ಹೋಳು ಬಾಯಿಗೆ ಹಾಕಿಕೊಳ್ಳುತ್ತಾರೆ. ಪಕ್ಕದಲ್ಲಿ ಕೂತ ಇಪ್ಪತ್ತೆಂಟರ ಮೊಮ್ಮಗ ಮೊಬೈಲಿನಲ್ಲಿ ಬರೆದುಕೊಳ್ಳಬೇಕಾದದ್ದು ಎರಡೇ ಪದ: ತಾತ, 48. ಮುಂದಿನ ವಾರ ವೈದ್ಯರು ‘ಮನೆಯಲ್ಲಿ ಯಾರಿಗಾದರೂ ಹಾರ್ಟ್ ತೊಂದರೆ ಇತ್ತಾ’ ಎಂದು ಕೇಳಿದಾಗ ಅವನು ಆ ಸಾಲನ್ನು ತೋರಿಸಬಹುದು.